ಮಾವನವರ ಕಂಪ್ಯೂಟರಿಗೆ ಯಾವ ಆಂಟಿವೈರಸ್ ಹಾಕಿಸಲಿ? (ವಿಂಡೋಸ್ 10, ರಾಜಾಜಿನಗರ)

ಸೊಸೆ_ರಾಜಾಜಿನಗರ · ಶುಕ್ರವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರಿಗೆ 74 ವರ್ಷ. ಅವರ ಡೆಸ್ಕ್‌ಟಾಪ್ 2017ರಲ್ಲಿ ತೊಗೊಂಡಿದ್ದು. ಐ3 ಏಳನೇ ತಲೆಮಾರಿನ ಪ್ರೊಸೆಸರ್, 8 ಜಿಬಿ ರ‍್ಯಾಮ್, ಕಂಪನಿಯಿಂದಲೇ ಹಾಕಿ ಬಂದ ವಿಂಡೋಸ್ 10. ಪಿಂಚಣಿ ಬ್ಯಾಂಕಿನ ಕೆಲಸ, ಬೆಸ್ಕಾಂ ಬಿಲ್ಲು, ದೂರದಲ್ಲಿರೋ ಮಗಳ ಜೊತೆ ವಿಡಿಯೊ ಕಾಲ್, ಬಡಾವಣೆ ಸಂಘದ ಪತ್ರಗಳನ್ನ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡೋದು. ಇಷ್ಟೇ ಬಳಕೆ.

ಹದಿನೈದು ಇಪ್ಪತ್ತು ದಿನದಿಂದ ಪರದೆ ಬಲಗಡೆ ಮೂಲೆಯಲ್ಲಿ, ಗಡಿಯಾರದ ಮೇಲೆ, ಒಂದು ಡಬ್ಬಿ ಬರ್ತಾ ಇದೆ. ಆಂಟಿವೈರಸ್ ಅವಧಿ ಮುಗಿದಿದೆ, ಐದು ವೈರಸ್ ಸಿಕ್ಕಿವೆ, ಈಗಲೇ ನವೀಕರಿಸಿ ಅಂತ ಇಂಗ್ಲಿಷಿನಲ್ಲಿ. ಮುಚ್ಚಿದರೆ ಎರಡು ನಿಮಿಷಕ್ಕೆ ಇನ್ನೊಂದು. ಮಾವ ಈಗ ಕಂಪ್ಯೂಟರ್ ಮುಂದೆ ಕೂರೋದಕ್ಕೇ ಹಿಂಜರೀತಿದ್ದಾರೆ. ಎಸ್.ಪಿ. ರೋಡಿನಲ್ಲಿ ವಿಚಾರಿಸಿದಾಗ ಮೂರು ವರ್ಷದ್ದು ಒಂದು ಬಾಕ್ಸ್ ತೋರಿಸಿ ಎರಡೂವರೆ ಸಾವಿರ ಅಂದರು. ದುಡ್ಡು ಕೊಡೋಕೆ ತೊಂದರೆ ಇಲ್ಲ, ಆದರೆ ಕೊಟ್ಟ ಮೇಲೆ ಅವರು ನೆಮ್ಮದಿಯಾಗಿರಬೇಕು. ಯಾವುದು ತೊಗೊಳ್ಳಲಿ?

ವಿಜಯನಗರ_ರಾಯರು · ರಾತ್ರಿ 9:58

ಕ್ವಿಕ್ ಹೀಲ್ ಹಾಕಿಸಿ ಮೇಡಂ. ಪುಣೆಯ ಕಂಪನಿ. ನಾನು ಹತ್ತು ವರ್ಷದಿಂದ ಪ್ರತಿ ಯುಗಾದಿಗೆ ನವೀಕರಿಸ್ತಾ ಬಂದಿದ್ದೀನಿ, ಒಂದು ದಿನವೂ ತೊಂದರೆ ಆಗಿಲ್ಲ. ಚೆನ್ನೈನ ಕೆ7 ಕೂಡ ಚೆನ್ನಾಗಿದೆ ಅಂತಾರೆ.

ಚಂದ್ರಾಲೇಔಟ್_ಹಾರ್ಡ್‌ವೇರ್ · ರಾತ್ರಿ 10:15

ಮೇಡಂ, ದಯವಿಟ್ಟು ಏನನ್ನೂ ಕೊಳ್ಳಬೇಡಿ, ಸದ್ಯಕ್ಕೆ. ಮೊದಲು ಆ ಡಬ್ಬಿಯನ್ನ ಹತ್ತಿರದಿಂದ ನೋಡಿ. ದಪ್ಪ ಅಕ್ಷರದ ಸಾಲಿನ ಹತ್ತಿರ ಸಣ್ಣ ಬೂದು ಅಕ್ಷರದಲ್ಲಿ ಬ್ರೌಸರ್ ಹೆಸರು ಅಥವಾ ಒಂದು ವೆಬ್ ವಿಳಾಸ ಇದೆಯಾ? ಇದ್ದರೆ ಅದು ವೈರಸ್ಸೂ ಅಲ್ಲ, ಆಂಟಿವೈರಸ್ಸೂ ಅಲ್ಲ. ಯಾವುದೋ ಜಾಲತಾಣಕ್ಕೆ ಹೋದಾಗ "ನೋಟಿಫಿಕೇಷನ್ ಕಳಿಸಲೇ? ಅಲೋ / ಬ್ಲಾಕ್" ಅಂತ ಕೇಳಿರುತ್ತೆ, ಮಾವನವರು ಅಲೋ ಒತ್ತಿರ್ತಾರೆ. ಅಂದಿನಿಂದ ಅವರು ಬ್ರೌಸರ್ ಮೂಲಕವೇ ಈ ಸುಳ್ಳು ಜಾಹೀರಾತು ತಳ್ಳುತ್ತಾ ಇರ್ತಾರೆ. ನಿಜವಾದ ಆಂಟಿವೈರಸ್ ಹಾಕಿಸಿಕೊಂಡರೂ ಇದು ನಿಲ್ಲದೆ ಇರಬಹುದು, ಯಾಕೆಂದರೆ ಅನುಮತಿ ಕೊಟ್ಟಿರೋದು ನಾವೇ.

ಕ್ರೋಮ್‌ನಲ್ಲಿ ಮೂರು ಚುಕ್ಕಿ, ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್. ಅಲ್ಲಿ ಅಲೋ ಪಟ್ಟಿಯಲ್ಲಿ ಇರೋದನ್ನೆಲ್ಲ ತೆಗೆದು ಹಾಕಿ. ಮೇಲ್ಗಡೆ "ಯಾವ ಸೈಟೂ ಕೇಳಬಾರದು" ಅನ್ನೋ ಆಯ್ಕೆಯನ್ನೇ ಹಾಕಿಬಿಡಿ.

ಸೊಸೆ_ರಾಜಾಜಿನಗರ · ರಾತ್ರಿ 10:52

ಸರ್, ನೀವು ಹೇಳಿದ ಹಾಗೇ ಇತ್ತು. ಬೂದು ಅಕ್ಷರದಲ್ಲಿ ಅರ್ಥವಿಲ್ಲದ ಒಂದು ವಿಳಾಸ. ಪಟ್ಟಿಯಲ್ಲಿ ಹನ್ನೊಂದು ಸೈಟು ಇದ್ವು, ಅದರಲ್ಲಿ ಎರಡು ಪಂಚಾಂಗದ್ದು. ಎಲ್ಲ ತೆಗೆದೆ. ಅರ್ಧ ಗಂಟೆ ಆಯ್ತು, ಒಂದೂ ಬಂದಿಲ್ಲ. ಮನಸಾರೆ ಧನ್ಯವಾದ.

ಕೋರಮಂಗಲ_ಸೆಕ್ಯುರಿಟಿ · ರಾತ್ರಿ 11:20

ಮೇಡಂ, ಇದು ನನ್ನ ಕೆಲಸದ ಕ್ಷೇತ್ರ, ಆದ್ದರಿಂದ ಒಂದು ಪ್ರಶ್ನೆ. ಆ ಡಬ್ಬಿಗಳಲ್ಲಿ ಫೋನ್ ನಂಬರ್ ಇತ್ತಾ? ಒತ್ತಿದರೆ ಪೂರ್ತಿ ಪರದೆ ಕೆಂಪಾಗಿ, ಬೀಪ್ ಸದ್ದು ಬಂದು, ಈ ನಂಬರಿಗೆ ಕರೆ ಮಾಡಿ ಅಂತ ಏನಾದರೂ ಬರ್ತಿತ್ತಾ? ಮಾವನವರು ಯಾವಾಗಲಾದರೂ ಕರೆ ಮಾಡಿದ್ದಾರಾ? ಬೈಯೋ ಹಾಗೆ ಅಲ್ಲ, ಮೆಲ್ಲಗೆ ಕೇಳಿ ನೋಡಿ. ಎಷ್ಟೋ ಮನೆಗಳಲ್ಲಿ ಹಿರಿಯರು ನಾಚಿಕೆಗೆ ಇದನ್ನ ಮುಚ್ಚಿಟ್ಟುಕೊಂಡಿರ್ತಾರೆ.

ಸೊಸೆ_ರಾಜಾಜಿನಗರ · ಶನಿವಾರ ಬೆಳಿಗ್ಗೆ 7:35

ಬೆಳಿಗ್ಗೆ ಕಾಫಿ ಕೊಡುವಾಗ ಕೇಳಿದೆ. ಸ್ವಲ್ಪ ಹೊತ್ತು ಲೋಟ ತಿರುಗಿಸ್ತಾ ಸುಮ್ಮನಿದ್ದು ಆಮೇಲೆ ಹೇಳಿದರು. ಹನ್ನೆರಡು ದಿನದ ಹಿಂದೆ ಕರೆ ಮಾಡಿದ್ದಾರೆ. ಆ ಕಡೆಯವನು ತುಂಬಾ ಮರ್ಯಾದೆಯಿಂದ ಮಾತಾಡಿ ಒಂದು ಆ್ಯಪ್ ಹಾಕಿಸಿ, ಒಂಬತ್ತು ಅಂಕಿ ಓದಿಸಿಕೊಂಡಿದ್ದಾನೆ. ಆಮೇಲೆ ಬಾಣದ ಗುರುತು ತಾನಾಗಿಯೇ ಓಡಾಡೋಕೆ ಶುರುವಾಯ್ತಂತೆ. ಒಂದು ಪಟ್ಟಿ ತೆರೆದು, ಉದ್ದಕ್ಕೂ ಕೆಂಪು ಗುರುತುಗಳನ್ನ ತೋರಿಸಿ, "ನೋಡಿ ಅಂಕಲ್, ಇವೆಲ್ಲ ವೈರಸ್" ಅಂದಿದ್ದಾನೆ. ಹದಿನೆಂಟು ಸಾವಿರ ಕೇಳಿ, ಬ್ಯಾಂಕಿನ ಪುಟ ತೆರೆಯಿರಿ ಅಂದಾಗ ಮಾವನಿಗೆ ಅನುಮಾನ ಬಂದು ಗೋಡೆಯ ಸ್ವಿಚ್ ಆರಿಸಿಬಿಟ್ಟಿದ್ದಾರೆ. ದುಡ್ಡು ಹೋಗಿಲ್ಲ. ಹನ್ನೆರಡು ದಿನ ಇದನ್ನ ಒಬ್ಬರೇ ಮನಸ್ಸಿನಲ್ಲಿಟ್ಟುಕೊಂಡು ಒದ್ದಾಡಿದ್ದಾರೆ. ನನಗೆ ಅದೇ ಸಂಕಟ.

ಈಗ ಏನು ಮಾಡಲಿ? ಆಂಟಿವೈರಸ್ ಇದ್ದಿದ್ದರೆ ಇದು ತಪ್ಪುತ್ತಿತ್ತಾ?

ಕೋರಮಂಗಲ_ಸೆಕ್ಯುರಿಟಿ · ಬೆಳಿಗ್ಗೆ 8:05

ಮೊದಲು ಮಾವನವರಿಗೆ ಹೇಳಿ, ಸ್ವಿಚ್ ಆರಿಸಿದ್ದು ಅತ್ಯಂತ ಸರಿಯಾದ ಕೆಲಸ ಅಂತ.

ಎರಡನೆಯದು, ತಪ್ಪುತ್ತಿರಲಿಲ್ಲ. ಅವನು ಹಾಕಿಸಿದ ರಿಮೋಟ್ ಆ್ಯಪ್ ಆಫೀಸುಗಳಲ್ಲಿ ದಿನಾ ಬಳಸುವಂಥದ್ದೇ ಇರುತ್ತೆ, ಅದನ್ನ ಬಹುತೇಕ ಆಂಟಿವೈರಸ್‌ಗಳು ಕಳ್ಳ ಅನ್ನೋದಿಲ್ಲ. ಆ ಕೆಂಪು ಪಟ್ಟಿ ವಿಂಡೋಸಿನ ಈವೆಂಟ್ ವ್ಯೂವರ್. ನನ್ನ ಕಂಪ್ಯೂಟರಿನಲ್ಲಿ ತೆರೆದರೂ ಕೆಂಪು ಗುರುತು ಸಾಲುಗಟ್ಟಿ ಕಾಣುತ್ತವೆ: ಯಾವುದೋ ಸೇವೆ ತಡವಾಗಿ ಶುರುವಾಯ್ತು, ಪ್ರಿಂಟರ್ ಉತ್ತರ ಕೊಡಲಿಲ್ಲ, ಇಂಥವು. ವೈರಸ್ಸಿಗೂ ಅದಕ್ಕೂ ಸಂಬಂಧವಿಲ್ಲ.

ಈಗ ಮಾಡಬೇಕಾದ್ದು. ಇಂಟರ್ನೆಟ್ ಕೇಬಲ್ ಕಿತ್ತಿಡಿ. ಬ್ಯಾಂಕ್ ಮತ್ತು ಇಮೇಲ್ ಪಾಸ್‌ವರ್ಡುಗಳನ್ನ ಆ ಕಂಪ್ಯೂಟರಿನಿಂದ ಬೇಡ, ನಿಮ್ಮ ಫೋನಿನಿಂದ ಬದಲಾಯಿಸಿ. ಇಮೇಲ್ ಸೆಟ್ಟಿಂಗಿನಲ್ಲಿ ಪತ್ರಗಳು ಬೇರೆ ವಿಳಾಸಕ್ಕೆ ಫಾರ್ವರ್ಡ್ ಆಗೋ ಹಾಗೆ ಏನಾದರೂ ಹಾಕಿದ್ದಾರಾ ನೋಡಿ. ಬ್ಯಾಂಕಿಗೆ ಸೋಮವಾರದವರೆಗೆ ಕಾಯದೆ ಇವತ್ತೇ ತಿಳಿಸಿ. ದುಡ್ಡು ಹೋಗದಿದ್ದರೂ ಸೈಬರ್ ಅಪರಾಧದ ರಾಷ್ಟ್ರೀಯ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ದುಡ್ಡು ಹೋಗಿದ್ದರೆ ಒಂದು ಕ್ಷಣವೂ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಎಷ್ಟು ಬೇಗ ತಿಳಿಸ್ತೀವೋ ಅಷ್ಟರಮಟ್ಟಿಗೆ ಹಣವನ್ನ ದಾರಿಯಲ್ಲೇ ತಡೆಯೋ ಸಾಧ್ಯತೆ ಹೆಚ್ಚು.

ಇಷ್ಟು ಮುಗಿಸಿ, ವಿಂಡೋಸ್ ಸೆಕ್ಯುರಿಟಿ ತೆರೆದು "ಎಕ್ಸ್‌ಕ್ಲೂಷನ್ಸ್" ಅನ್ನೋ ಪುಟದಲ್ಲಿ ಏನಿದೆ ಅಂತ ಹೇಳಿ.

ಸೊಸೆ_ರಾಜಾಜಿನಗರ · ಬೆಳಿಗ್ಗೆ 9:47

ಪಾಸ್‌ವರ್ಡ್ ಬದಲಾಯಿಸಿದೆ, ಬ್ಯಾಂಕಿಗೂ ಹೇಳಿದೆ. ಎಕ್ಸ್‌ಕ್ಲೂಷನ್ಸ್ ಪುಟದಲ್ಲಿ ಒಂದೇ ಸಾಲು ಇದೆ: ಸಿ ಡ್ರೈವ್. ಇದರ ಅರ್ಥ ಏನು?

ಚಂದ್ರಾಲೇಔಟ್_ಹಾರ್ಡ್‌ವೇರ್ · ಬೆಳಿಗ್ಗೆ 9:55

ಅಯ್ಯೋ. ಇಡೀ ಸಿ ಡ್ರೈವನ್ನ ನೋಡಬೇಡ ಅಂತ ವಿಂಡೋಸಿನದೇ ಆಂಟಿವೈರಸ್ ಆದ ಡಿಫೆಂಡರಿಗೆ ಹೇಳಿಟ್ಟಿದ್ದಾರೆ. ವಿಂಡೋಸ್, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಎಲ್ಲ ಇರೋದೇ ಸಿ ಡ್ರೈವಿನಲ್ಲಿ. ಕಾವಲುಗಾರನನ್ನ ಗೇಟಿನ ಹತ್ತಿರ ನಿಲ್ಲಿಸಿ, ಮನೆ ಕಡೆ ಬೆನ್ನು ಮಾಡಿ ನಿಂತ್ಕೋ ಅಂದ ಹಾಗೆ. ಈ ಹನ್ನೆರಡು ದಿನದ್ದೇ ಆಗಿರಬೇಕು ಅಂತಿಲ್ಲ. ಮಧ್ಯದಲ್ಲಿ ಯಾರಾದರೂ ಆಫೀಸ್ ಸಾಫ್ಟ್‌ವೇರ್ ಹಾಕಿಕೊಟ್ಟಿದ್ರಾ?

ಸೊಸೆ_ರಾಜಾಜಿನಗರ · ಬೆಳಿಗ್ಗೆ 10:10

ಹೌದು. ಎರಡು ಮೂರು ವರ್ಷದ ಹಿಂದೆ ರಿಪೇರಿಗೆ ಬಂದ ಹುಡುಗ ಮುನ್ನೂರು ರೂಪಾಯಿ ತೊಗೊಂಡು ವರ್ಡ್, ಎಕ್ಸೆಲ್ ಹಾಕಿಕೊಟ್ಟಿದ್ದ. "ಆ್ಯಕ್ಟಿವೇಟ್ ಮಾಡಿದೀನಿ, ಡಿಫೆಂಡರ್ ಅಳಿಸದ ಹಾಗೆ ಸೆಟ್ ಮಾಡಿದೀನಿ" ಅಂದಿದ್ದು ಮಾವನಿಗೆ ನೆನಪಿದೆ.

ಚಾಮರಾಜಪೇಟೆ_ಡಿಟಿಪಿ · ಬೆಳಿಗ್ಗೆ 10:48

ಈ ಮಾತು ಬಂದ ಮೇಲೆ ನಾನು ಸುಮ್ಮನಿರೋಕೆ ಆಗಲ್ಲ.

ನಂದು ಮದುವೆ ಕರೆಯೋಲೆ ಮಾಡೋ ಅಂಗಡಿ. 2019ರಲ್ಲಿ ಡಿಸೈನ್ ಸಾಫ್ಟ್‌ವೇರಿನ ಕ್ರ್ಯಾಕ್ ಒಂದನ್ನ, ಅಂದರೆ ದುಡ್ಡು ಕೊಡದೆ ಬಳಸೋ ಕಳ್ಳ ಪ್ರತಿಯನ್ನ, ನಮ್ಮ ಹುಡುಗ ಇಳಿಸಿಕೊಂಡ. ದುಡ್ಡು ಕೊಟ್ಟು ಹಾಕಿಸಿದ್ದ ಆಂಟಿವೈರಸ್ ಇತ್ತು, ಅದು ಕೂಗಿತು ಕೂಡ. ಆದರೆ ಕ್ರ್ಯಾಕಿನ ಜೊತೆ ಬಂದ ಸೂಚನೆಯಲ್ಲಿ ಮೊದಲ ಸಾಲೇ "ಆಂಟಿವೈರಸ್ ಆಫ್ ಮಾಡಿ". ಅವನು ಆಫ್ ಮಾಡಿದ. ಊಟ ಮುಗಿಸಿ ಬರೋಷ್ಟರಲ್ಲಿ ಫೈಲುಗಳ ಐಕಾನ್ ಎಲ್ಲ ಬಿಳಿ ಹಾಳೆ ಆಗಿದ್ವು. ಪ್ರತಿ ಹೆಸರಿನ ಕೊನೆಗೆ ನಾಲ್ಕು ಅಕ್ಷರ ಅಂಟಿಕೊಂಡಿತ್ತು. ಪ್ರತಿ ಫೋಲ್ಡರಿನಲ್ಲಿ ರೀಡ್‌ಮಿ ಅಂತ ಒಂದು ಚೀಟಿ: 980 ಡಾಲರ್ ಕೊಡಿ, 72 ಗಂಟೆಯೊಳಗೆ ಆದರೆ 490. ಆ ವಾರ ನಾಲ್ಕು ಮದುವೆ ಕಾರ್ಡು ಪ್ರೆಸ್ಸಿಗೆ ಹೋಗಬೇಕಿತ್ತು. ಹೆಣ್ಣಿನ ಕಡೆಯವರು ಒಪ್ಪಿದ ಪ್ರೂಫಿನ ಕಾಗದ ಕೈಯಲ್ಲಿ ಹಿಡಿದುಕೊಂಡು ಮತ್ತೆ ಮೊದಲಿಂದ ಅಕ್ಷರ ಜೋಡಿಸಿದ್ವಿ, ರಾತ್ರಿ ಎರಡರವರೆಗೆ.

ಫೈಲುಗಳಿಗೆ ಬೀಗ ಹಾಕಿ, ಬಿಡಿಸೋಕೆ ದುಡ್ಡು ಕೇಳೋ ಆ ವೈರಸ್ಸಿಗೆ ಸ್ಟಾಪ್ ಅಥವಾ ಡಿಜೆವಿಯು ಅಂತ ಹೆಸರು. ಕ್ರ್ಯಾಕ್ ಮೂಲಕವೇ ಮನೆ ಕಂಪ್ಯೂಟರುಗಳಿಗೆ ನುಗ್ಗೋ ತಳಿ. ಆ ವರ್ಷದ ಅಕ್ಟೋಬರಿನಲ್ಲಿ ಎಮ್ಸಿಸಾಫ್ಟ್ ಅನ್ನೋ ಭದ್ರತಾ ಕಂಪನಿಯವರು ಉಚಿತವಾಗಿ ಬಿಡಿಸೋ ಟೂಲ್ ಬಿಟ್ಟರು. ಅದು ಹಳೆಯ ತಳಿಗಳಿಗೆ ಕೆಲಸ ಮಾಡಿತು, ನಮ್ಮದು ಹೊಸದು, ತೆರೆಯಲಿಲ್ಲ. ಆರು ವರ್ಷದ ಕೆಲಸ ಹೋಯ್ತು. ನೋ ಮೋರ್ ರ‍್ಯಾನ್ಸಮ್ ಅಂತ ಯುರೋಪೋಲ್ ಮತ್ತು ನೆದರ್ಲೆಂಡ್ಸ್ ಪೊಲೀಸರು ಕೂಡಿ 2016ರಲ್ಲಿ ಶುರು ಮಾಡಿದ ತಾಣ ಇದೆ, ಇಂಥ ಬೀಗ ಬಿಡಿಸೋ ಟೂಲುಗಳೆಲ್ಲ ಅಲ್ಲಿ ಉಚಿತ. ಯಾರಿಗಾದರೂ ಹೀಗಾದರೆ ದುಡ್ಡು ಕಳಿಸೋ ಮೊದಲು ಅಲ್ಲಿ ನೋಡಿ.

ನಾನು ಆಮೇಲೆ ಮಾಡಿದ ಒಂದೇ ಒಂದು ಒಳ್ಳೆ ಕೆಲಸ ಅಂದರೆ ಹೊರಗಿನ ಹಾರ್ಡ್‌ಡಿಸ್ಕ್. ದಿನಾ ಸಂಜೆ ಅಂಗಡಿ ಮುಚ್ಚೋ ಮುಂಚೆ ಚುಚ್ಚಿ, ಕಾಪಿ ಮಾಡಿ, ಕಿತ್ತು, ಮನೆಗೆ ತೊಗೊಂಡು ಹೋಗ್ತೀನಿ. ಕಿತ್ತು ಇಡೋದು ಮುಖ್ಯ. ಚುಚ್ಚೇ ಇದ್ದರೆ ಅದಕ್ಕೂ ಬೀಗ ಬೀಳುತ್ತೆ.

ವಿಜಯನಗರ_ರಾಯರು · ಬೆಳಿಗ್ಗೆ 11:15

ಓದಿ ಹೊಟ್ಟೆ ತೊಳೆಸಿದ ಹಾಗಾಯ್ತು. ಆದರೂ ಕೇಳ್ತೀನಿ, ವಿಂಡೋಸ್ ಜೊತೆ ಪುಕ್ಕಟೆ ಬರೋ ಡಿಫೆಂಡರ್ ನಿಜಕ್ಕೂ ಸಾಕಾ? ನಮ್ಮ ಕಾಲದಲ್ಲಿ ಅದನ್ನ ಯಾರೂ ಲೆಕ್ಕಕ್ಕೇ ತೊಗೊಳ್ತಿರಲಿಲ್ಲ.

ಕೋರಮಂಗಲ_ಸೆಕ್ಯುರಿಟಿ · ಬೆಳಿಗ್ಗೆ 11:50

ರಾಯರೇ, ನೀವು ಹೇಳಿದ್ದು ಆ ಕಾಲಕ್ಕೆ ನಿಜ. ವಿಂಡೋಸ್ 7ರಲ್ಲಿ ಡಿಫೆಂಡರ್ ಅಂತ ಇದ್ದಿದ್ದು ಬರೀ ಸ್ಪೈವೇರ್ ಹಿಡಿಯೋದು, ಪೂರ್ತಿ ಆಂಟಿವೈರಸ್ ಅಲ್ಲ. 2012ರಲ್ಲಿ ವಿಂಡೋಸ್ 8 ಬಂದಾಗ ಅದು ಪೂರ್ತಿ ಆಂಟಿವೈರಸ್ ಆಯ್ತು. ಶುರುವಿನ ವರ್ಷಗಳಲ್ಲಿ ಪರೀಕ್ಷೆಗಳಲ್ಲಿ ಹಿಂದೆ ಬೀಳ್ತಿತ್ತು. ಈಗ ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಇಬ್ಬರ ಪರೀಕ್ಷೆಗಳಲ್ಲೂ ದುಡ್ಡು ಕೊಟ್ಟು ತೊಗೊಳ್ಳೋವುಗಳ ಸಾಲಿನಲ್ಲೇ ನಿಲ್ಲುತ್ತೆ. ಕೊರತೆ ಇಲ್ಲ ಅನ್ನಲ್ಲ. ಇಂಟರ್ನೆಟ್ ಇಲ್ಲದಾಗ ಅದರ ಹಿಡಿಯೋ ಶಕ್ತಿ ಕಡಿಮೆ ಆಗುತ್ತೆ. ಮನೆಯಲ್ಲಿ ಯಾವಾಗಲೂ ನೆಟ್ ಇರೋರಿಗೆ ಅದು ದೊಡ್ಡ ವಿಷಯ ಅಲ್ಲ, ಊರಿನಲ್ಲಿ ಪೆನ್‌ಡ್ರೈವ್ ಮೇಲೇ ನಡೆಯೋ ಕಂಪ್ಯೂಟರಿಗೆ ವಿಷಯವೇ. ಹಳೇ ಹಾರ್ಡ್‌ಡಿಸ್ಕ್ ಇರೋ ಯಂತ್ರದಲ್ಲಿ ಸ್ಕ್ಯಾನ್ ನಡೆಯುವಾಗ ನಿಧಾನವೂ ಆಗುತ್ತೆ.

ನಿಮ್ಮದನ್ನ ತೆಗೆಯಿರಿ ಅಂತ ಖಂಡಿತ ಹೇಳ್ತಿಲ್ಲ. ಅದು ನಿಮಗೆ ಒಗ್ಗಿದೆ, ಇರಲಿ. ಆದರೆ ಎರಡು ಆಂಟಿವೈರಸ್ ಒಟ್ಟಿಗೆ ಹಾಕಬೇಡಿ. ಎರಡೂ ಒಂದೇ ಫೈಲಿಗೆ ಕೈ ಹಾಕಿ ಕಿತ್ತಾಡ್ತವೆ. ಬೇರೆಯದು ಹಾಕಿದರೆ ಡಿಫೆಂಡರ್ ತಾನೇ ಪಕ್ಕಕ್ಕೆ ಸರಿಯುತ್ತೆ. ಈ ಸಾಫ್ಟ್‌ವೇರುಗಳಿಗೆ ಯಂತ್ರದ ಅತ್ಯಂತ ಒಳಗಿನ ಕೋಣೆಯವರೆಗೆ ಪ್ರವೇಶ ಇರುತ್ತೆ ಅನ್ನೋದು ನೆನಪಿರಲಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನೋ ಭದ್ರತಾ ಕಂಪನಿಯ ಒಂದು ಕೆಟ್ಟ ಅಪ್‌ಡೇಟಿನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಯಲ್ಲಿ ನಿಂತವು. ಅಷ್ಟು ಒಳಗೆ ಬಿಡೋವಾಗ, ಎಷ್ಟು ಜನರನ್ನ ಬಿಡ್ತೀವಿ ಅಂತ ಯೋಚಿಸಬೇಕು.

ಜೆಪಿನಗರ_ಇಬ್ಬರುಮಕ್ಕಳು · ಮಧ್ಯಾಹ್ನ 12:30

ನಾನು ದುಡ್ಡು ಕೊಟ್ಟು ತೊಗೊಂಡಿದ್ದೀನಿ, ಕಾರಣ ಬೇರೆ. ಮನೇಲಿ ಮಕ್ಕಳ ಎರಡು ಲ್ಯಾಪ್‌ಟಾಪ್, ನಮ್ಮದೊಂದು, ನಾಲ್ಕು ಫೋನು. ಎಲ್ಲಕ್ಕೂ ಒಂದೇ ಲೈಸೆನ್ಸ್, ಮಕ್ಕಳು ಎಲ್ಲಿಗೆ ಹೋಗ್ತಾರೆ ಅನ್ನೋ ಹಿಡಿತ, ಎಲ್ಲ ಒಂದೇ ಕಡೆ ಕಾಣುತ್ತೆ. ಅದಕ್ಕೆ ಕೊಟ್ಟ ದುಡ್ಡು ಸಾರ್ಥಕ ಅನಿಸಿದೆ. ಒಬ್ಬರೇ ಬಳಸೋ ಒಂದು ಡೆಸ್ಕ್‌ಟಾಪಿಗೆ ಬೇಕಿಲ್ಲ.

ಉಚಿತವಾಗಿ ಸಿಗೋ ಬೇರೆ ಆಂಟಿವೈರಸ್ ಹಾಕಿಕೊಳ್ಳೋರು ಒಂದು ವಿಷಯ ತಿಳ್ಕೊಳ್ಳಿ. ಅವಾಸ್ಟ್‌ನವರು ಬಳಕೆದಾರರ ಬ್ರೌಸಿಂಗ್ ವಿವರವನ್ನ ಜಂಪ್‌ಶಾಟ್ ಅನ್ನೋ ಅಂಗಸಂಸ್ಥೆ ಮೂಲಕ ಮಾರಿದ್ದಕ್ಕೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ 1.65 ಕೋಟಿ ಡಾಲರ್ ಕಟ್ಟಿಸಿತು. ಜಂಪ್‌ಶಾಟನ್ನ 2020ರಲ್ಲೇ ಮುಚ್ಚಿದ್ದರು. ಈಗ ನಾರ್ಟನ್, ಅವಾಸ್ಟ್, ಎವಿಜಿ, ಅವೀರಾ ನಾಲ್ಕೂ ಜೆನ್ ಡಿಜಿಟಲ್ ಅನ್ನೋ ಒಂದೇ ಕಂಪನಿಯವು. ಅಂಗಡಿಯಲ್ಲಿ ನಾಲ್ಕು ಬಾಕ್ಸ್ ಪಕ್ಕಪಕ್ಕ ಇಟ್ಟು ಹೋಲಿಸೋವಾಗ ಇದು ಗೊತ್ತಿರಬೇಕು.

ಯಲಹಂಕ_ಲಿನಕ್ಸ್ · ಮಧ್ಯಾಹ್ನ 12:44

ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿಬಿಡಿ, ಈ ತಲೆನೋವೇ ಇರಲ್ಲ. ಬ್ಯಾಂಕು, ವಿಡಿಯೊ ಕಾಲ್ ಎಲ್ಲ ಬ್ರೌಸರಿನಲ್ಲೇ ಆಗುತ್ತೆ.

ಸೊಸೆ_ರಾಜಾಜಿನಗರ · ಮಧ್ಯಾಹ್ನ 12:58

ಸರ್, ನುಡಿ ಬಿಟ್ಟು ಮಾವ ಬರಲ್ಲ. ಈ ವಯಸ್ಸಿನಲ್ಲಿ ಎಲ್ಲ ಹೊಸದಾಗಿ ಕಲಿಸೋದೂ ಕಷ್ಟ. ಅಂದಹಾಗೆ ಹಿಂದೊಮ್ಮೆ ಟ್ರಯಲ್ ಹಾಕಿದ್ದ ಒಂದು ಆಂಟಿವೈರಸ್ ಅವರ ಕನ್ನಡ ಕೀಬೋರ್ಡ್ ತಂತ್ರಾಂಶವನ್ನೇ ವೈರಸ್ ಅಂತ ಹಿಡಿದು ಅಳಿಸಿತ್ತು. ಹಾಗ್ಯಾಕೆ?

ಚಾಮರಾಜಪೇಟೆ_ಡಿಟಿಪಿ · ಮಧ್ಯಾಹ್ನ 1:20

ಅದು ನಮ್ಮಲ್ಲೂ ಆಗಿದೆ. ಒತ್ತಿದ ಕೀಲಿಯನ್ನ ಮಧ್ಯದಲ್ಲೇ ಹಿಡಿದು "ಕ" ಮಾಡಿ ಕೊಡೋದು ಕನ್ನಡ ತಂತ್ರಾಂಶದ ಕೆಲಸ. ಒತ್ತಿದ ಕೀಲಿಯನ್ನ ಮಧ್ಯದಲ್ಲೇ ಹಿಡಿದು ಪಾಸ್‌ವರ್ಡ್ ಕದಿಯೋದು ಕೀಲಾಗರ್‌ನ ಕೆಲಸ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತೆ. ಅಂಥಾಗ ಮೂಲ ಜಾಗದಿಂದ ಮತ್ತೆ ಇಳಿಸಿಕೊಂಡು ಆ ಒಂದು ಫೈಲಿಗೆ ಮಾತ್ರ ವಿನಾಯಿತಿ ಕೊಡಬೇಕು, ಇಡೀ ಡ್ರೈವಿಗೆ ಅಲ್ಲ. ಅನುಮಾನ ಇದ್ದರೆ ವೈರಸ್‌ಟೋಟಲ್ ಅನ್ನೋ ಜಾಲತಾಣಕ್ಕೆ ಹಾಕಿ ನೋಡಿ, ಹತ್ತಾರು ಆಂಟಿವೈರಸ್‌ಗಳ ಅಭಿಪ್ರಾಯ ಒಟ್ಟಿಗೆ ಸಿಗುತ್ತೆ. ಸ್ವಂತ ಕಾಗದಪತ್ರ ಮಾತ್ರ ಅಲ್ಲಿಗೆ ಹಾಕಬೇಡಿ, ಅದು ಬೇರೆಯವರ ಕೈಗೂ ಸಿಗುತ್ತೆ. ಹೊಸ ಪತ್ರಗಳಿಗೆ ವಿಂಡೋಸಿನಲ್ಲೇ 2019ರಿಂದ ಕನ್ನಡ ಫೊನೆಟಿಕ್ ಕೀಬೋರ್ಡ್ ಇದೆ, ಯೂನಿಕೋಡ್. ಮಾವನವರಿಗೆ ಒಮ್ಮೆ ತೋರಿಸಿ ನೋಡಿ.

ಚಂದ್ರಾಲೇಔಟ್_ಹಾರ್ಡ್‌ವೇರ್ · ಮಧ್ಯಾಹ್ನ 2:05

ಮೇಡಂ, ಮುಖ್ಯ ವಿಷಯಕ್ಕೆ ಬರ್ತೀನಿ. ಸಿ ಡ್ರೈವಿಗೆ ವರ್ಷಗಟ್ಟಲೆ ವಿನಾಯಿತಿ, ಜೊತೆಗೆ ಅಪರಿಚಿತನ ಕೈಯಲ್ಲಿ ಒಂದಷ್ಟು ಹೊತ್ತು. ಇಂಥ ಯಂತ್ರವನ್ನ ಸ್ಕ್ಯಾನ್ ಮಾಡಿ "ಸರಿ ಇದೆ" ಅಂತ ನಾನು ಬರೆದುಕೊಡಲ್ಲ. ಡಾಕ್ಯುಮೆಂಟ್ಸ್, ಫೋಟೋ ಮಾತ್ರ ಹೊರಗೆ ತೆಗೆದು, ವಿಂಡೋಸ್ ಹೊಸದಾಗಿ ಹಾಕಿ. ಬೇರೆ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ 8 ಜಿಬಿ ಪೆನ್‌ಡ್ರೈವ್ ತಯಾರಿಸಿಕೊಳ್ಳಿ. ನಿಮ್ಮದು ಕಂಪನಿಯಿಂದ ಬಂದ ವಿಂಡೋಸ್, ಹೊಸದಾಗಿ ಹಾಕಿದ ಮೇಲೂ ನೆಟ್ ಸಿಕ್ಕ ಕೂಡಲೇ ತಾನೇ ಆ್ಯಕ್ಟಿವೇಟ್ ಆಗುತ್ತೆ. ಆ ಕಳ್ಳ ಆಫೀಸ್ ಬದಲು ಲಿಬ್ರೆ ಆಫೀಸ್ ಹಾಕಿ, ಉಚಿತ.

ಕೋರಮಂಗಲ_ಸೆಕ್ಯುರಿಟಿ · ಮಧ್ಯಾಹ್ನ 2:30

ಒಪ್ತೀನಿ. ನಾನು ಆಫ್‌ಲೈನ್ ಸ್ಕ್ಯಾನ್ ಹೇಳೋಣ ಅಂತಿದ್ದೆ, ಎಕ್ಸ್‌ಕ್ಲೂಷನ್ ವಿಷಯ ತಿಳಿದ ಮೇಲೆ ಹೊಸದಾಗಿ ಹಾಕೋದೇ ಸರಿ.

ಹಾಕಿದ ಮೇಲೆ ಇನ್ನೊಂದು ಕೆಲಸ ಇದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಏಳನೇ ತಲೆಮಾರಿನ ಐ3ಗೆ ವಿಂಡೋಸ್ 11 ಅಧಿಕೃತವಾಗಿ ಬರಲ್ಲ, ಎಂಟನೆಯದರಿಂದ ಮೇಲೆ ಬೇಕು. ಆದರೆ ಇಎಸ್‌ಯು ಅಂತ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಇದೆ, 2026ರ ಅಕ್ಟೋಬರ್ 13ರವರೆಗೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡಿಲ್ಲದೆ ಸಿಗುತ್ತೆ. ಅಪ್‌ಡೇಟ್ ಪುಟದಲ್ಲೇ ನೋಂದಾಯಿಸೋ ಕೊಂಡಿ ಕಾಣುತ್ತೆ.

ಡಿಫೆಂಡರಿಗೆ ಹೊಸ ವೈರಸ್ ಗುರುತುಗಳು ವಿಂಡೋಸ್ 10ರಲ್ಲಿ 2028ರವರೆಗೂ ಬರ್ತಾ ಇರುತ್ತವೆ. ಅಷ್ಟೇ ಸಾಕು ಅಂತ ಕೆಲವರು ಹೇಳ್ತಾರೆ, ನಾನು ಒಪ್ಪಲ್ಲ. ಗೋಡೆಯ ತೂತು ಮುಚ್ಚೋದು ಅಪ್‌ಡೇಟ್, ನುಗ್ಗಿದವನನ್ನ ಹಿಡಿಯೋದು ಆಂಟಿವೈರಸ್. 2017ರ ಮೇ 12ರಂದು ವಾನಾಕ್ರೈ ಅನ್ನೋ ಬೀಗ ಹಾಕೋ ವೈರಸ್ ಹರಡಿತಲ್ಲ, ಅದು ಬಳಸಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಅಪ್‌ಡೇಟ್ ಕೊಟ್ಟಿತ್ತು. ಎರಡು ತಿಂಗಳು ಹಾಕಿಕೊಳ್ಳದೆ ಬಿಟ್ಟ ಯಂತ್ರಗಳೇ ಬಲಿಯಾದವು.

ಕೊನೆಯದಾಗಿ, ಮಾವನವರ ಖಾತೆಯನ್ನ ಸ್ಟ್ಯಾಂಡರ್ಡ್ ಮಾಡಿ, ಅಡ್ಮಿನ್ ಖಾತೆಯ ಪಾಸ್‌ವರ್ಡ್ ನಿಮ್ಮ ಹತ್ತಿರ ಇರಲಿ. ಹೊಸದೇನಾದರೂ ಯಂತ್ರದೊಳಗೆ ಪೂರ್ತಿ ಕೂರಬೇಕಾದರೆ ನಿಮ್ಮ ಪಾಸ್‌ವರ್ಡ್ ಕೇಳುತ್ತೆ. ಆದರೆ ಇದನ್ನ ಅವರಿಗೆ ಹೇಳಿ, ಕೇಳಿ ಮಾಡಿ. ಅವರ ಕಂಪ್ಯೂಟರ್ ಅದು.

ಸೊಸೆ_ರಾಜಾಜಿನಗರ · ಭಾನುವಾರ ಸಂಜೆ 6:10

ಎಲ್ಲ ಆಯ್ತು. ಯಜಮಾನರ ಹಳೇ ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕ್ ತೆಗೆದು, ಎಸ್.ಪಿ. ರೋಡಿನಿಂದ ಅದಕ್ಕೊಂದು ಯುಎಸ್‌ಬಿ ಕೇಸ್ ತಂದ್ವಿ. ಫೋಟೋ, ಸಂಘದ ಪತ್ರ ಎಲ್ಲ ಅದರಲ್ಲಿದೆ. ವಿಂಡೋಸ್ ಹೊಸದಾಗಿ ಹಾಕಿದ್ವಿ, ತಾನೇ ಆ್ಯಕ್ಟಿವೇಟ್ ಆಯ್ತು. ಇಎಸ್‌ಯು ನೋಂದಣಿ ಆಯ್ತು. ಎಕ್ಸ್‌ಕ್ಲೂಷನ್ಸ್ ಪುಟ ಖಾಲಿ ಇದೆ, ಎರಡು ಸಲ ನೋಡಿದೆ. ಆಂಟಿವೈರಸ್ ಬಾಕ್ಸ್ ತೊಗೊಳ್ಳಲಿಲ್ಲ. ಮಾವ ಈಗ ಪಕ್ಕದಲ್ಲೇ ಇದ್ದಾರೆ, ಅವರೇ ಏನೋ ಬರೀಬೇಕಂತೆ.

ಸೊಸೆ_ರಾಜಾಜಿನಗರ · ಸಂಜೆ 6:42

ನಮಸ್ಕಾರ. ನಾನು ಅವಳ ಮಾವ. ಹೊಸ ಕೀಬೋರ್ಡಿನಲ್ಲಿ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಮನ್ನಿಸಿ. ಆ ಮನುಷ್ಯ ನನ್ನ ಹೆಸರು ಕೇಳಿ, ಊಟ ಆಯಿತೇ ಎಂದು ವಿಚಾರಿಸಿದ. ಅದಕ್ಕೇ ನಂಬಿದೆ. ಹನ್ನೆರಡು ದಿನ ನಿದ್ದೆ ಇರಲಿಲ್ಲ. ಮನೆಯವರಿಗೆ ಹೇಳಿದರೆ ಇನ್ನು ಕಂಪ್ಯೂಟರ್ ಮುಟ್ಟಬೇಡಿ ಎನ್ನುತ್ತಾರೆಂದು ಹೆದರಿದ್ದೆ. ಯಾರೂ ಹಾಗೆ ಅನ್ನಲಿಲ್ಲ. ನಿಮಗೆಲ್ಲ ಕೃತಜ್ಞ.

ಒಂದು ಪ್ರಶ್ನೆ. ಈ ಹಾರ್ಡ್‌ಡಿಸ್ಕಿಗೆ ಎಷ್ಟು ದಿನಕ್ಕೊಮ್ಮೆ ಕಾಪಿ ಮಾಡಬೇಕು? ಸಂಘದ ಸಭೆ ತಿಂಗಳ ಎರಡನೇ ಭಾನುವಾರ ಇರುತ್ತದೆ.

ಚಾಮರಾಜಪೇಟೆ_ಡಿಟಿಪಿ · ಸಂಜೆ 6:55

ನಮಸ್ಕಾರ ಸರ್. ವಾರಕ್ಕೊಮ್ಮೆ ಸಾಕು, ನಿಮಗೆ ಅನುಕೂಲವಾದ ಒಂದು ದಿನ ಗೊತ್ತು ಮಾಡಿಕೊಳ್ಳಿ. ಸಭೆಯ ನಡಾವಳಿ ಟೈಪ್ ಮಾಡಿದ ದಿನ ಮಾತ್ರ ಆಗಲೇ ಒಂದು ಕಾಪಿ ಹಾಕಿಬಿಡಿ. ಕಾಪಿ ಮುಗಿದ ಮೇಲೆ ಗಡಿಯಾರದ ಪಕ್ಕದ ಇಜೆಕ್ಟ್ ಒತ್ತಿ, ವೈರ್ ಕಿತ್ತು, ಬೀರುವಿನಲ್ಲಿ ಇಡಿ.